ಕಾವಲಿಗೆ ನಿಂತ ಗಂಡು

ಮಿಷಿಗನ್‌ಗೆ ಬಂದ ಹೊಸದರಲ್ಲಿ ಮೀನಿಗಿಂತ ಮೊದಲು ಅಂಗಡಿಯವರ ಗಾಳಕ್ಕೆ ನಾನೇ ಬಿದ್ದೆ. ಮಿನುಗುವ ತಗಡು, ರಬ್ಬರ್ ಮೀನು, ನಿಂಬೆಹಣ್ಣಿನ ಗಾತ್ರದ ಕೆಂಪು-ಬಿಳಿ ಬೆಂಡು, ಎಲ್ಲ ಕೊಂಡೆ. ಅಲ್ಲಿ ಬ್ಲೂಗಿಲ್ ಮಕ್ಕಳು ಹಿಡಿಯುವ ಮೀನು. ನನಗೆ ಮಾತ್ರ ಪ್ರತಿಸಲವೂ ಬರಿಗಾಳ, ಎರೆಹುಳು ಮಾಯ.

ಬ್ಲೂಗಿಲ್ ಎರೆಯ ಹತ್ತಿರ ಬಂದು ನಿಂತು, ನೋಡಿ, ಪುಟ್ಟ ಬಾಯಿಂದ ನೀರಿನ ಸಮೇತ ಹೀರಿಕೊಳ್ಳುತ್ತದೆ. ಬೆಂಡಿನ ಎಳೆತ ತಿಳಿಯಿತೋ, ಅಷ್ಟೇ ಬೇಗ ಉಗುಳುತ್ತದೆ. ಇದು ತಿಳಿದ ಮೇಲೆ ಸಾಮಾನೆಲ್ಲ ಸಣ್ಣದಾಯಿತು. ನಾಲ್ಕು ಪೌಂಡ್ ತಾಳುವ ದಾರ, ಪೆನ್ಸಿಲ್‌ನಂತೆ ತೆಳ್ಳಗಿನ ಜಾರುಬೆಂಡು, ಗಾಳದಿಂದ ಒಂದು ಗೇಣು ಮೇಲೆ ಒಂದೇ ಸೀಸದ ಗುಂಡು. ಗಾಳ 8ನೇ ನಂಬರಿನದು, ಉದ್ದ ಕಾಲಿನದು. ಗಿಡ್ಡ ಕಾಲಿನದನ್ನು ಆ ಬಾಯಿಂದ ಬಿಡಿಸುವಷ್ಟರಲ್ಲಿ ಮೀನೇ ಸತ್ತಿರುತ್ತದೆ. ಎರೆಹುಳು ಇಡೀ ಬೇಡ, ಒಂದು ತುಣುಕು ಸಾಕು. ನೀರು ತಣ್ಣಗಿದ್ದಾಗ ಔನ್ಸಿನ 1/64 ತೂಕದ ಜಿಗ್ (ಸೀಸದ ತಲೆಯ ಗಾಳ), ಅದನ್ನೂ ಅಲ್ಲಾಡಿಸದೆ ಬಿಡಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಪಂಜಿನ ಜೇಡ. ಸಂಜೆ ನೀರಿನ ಮೇಲೆ ಹಾಕಿ, ಎದ್ದ ಅಲೆ ಪೂರ್ತಿ ಅಡಗುವವರೆಗೆ ಕೈ ಕಟ್ಟಿ ಕೂರಬೇಕು. ಆಮೇಲೆ ಒಮ್ಮೆ ಮಿಸುಕಿಸಿದರೆ ಪಚಕ್ ಎಂಬ ಸದ್ದು. ಆ ಸದ್ದಿಗಾಗಿಯೇ ನಾನು ಹೋಗುತ್ತಿದ್ದುದು ಎಂದರೂ ತಪ್ಪಿಲ್ಲ.

ನನ್ನ ನಿಜವಾದ ಸೋಲು ಮೀನು ಬೀಳತೊಡಗಿದ ಮೇಲಿನದು.

ಪರಿಚಯದ ವೃದ್ಧ ರೈತರೊಬ್ಬರು ತಮ್ಮ ಹೊಲದ ಪುಟ್ಟ ಹೊಂಡದಲ್ಲಿ ಹಿಡಿಯಲು ಬಿಟ್ಟಿದ್ದರು. ಬೇಸಿಗೆಯ ಶುರುವಿಗೆ ನೀರು 20 ಡಿಗ್ರಿ ದಾಟಿದಾಗ ಗಂಡುಗಳು ದಡದ ಮರಳಿನಲ್ಲಿ ಬಾಲದಿಂದ ಬಡಿದು ತಟ್ಟೆಯಗಲದ ಗುಂಡಿ ತೋಡುತ್ತವೆ, ಒಂದರ ಪಕ್ಕ ಒಂದು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ಗಂಡಿನದು. ಆಗ ಅದು ಹಸಿವಿಲ್ಲದಿದ್ದರೂ ಗೂಡಿನ ಮೇಲೆ ಬಂದದ್ದನ್ನೆಲ್ಲ ಓಡಿಸಲು ಬಾಯಿ ಹಾಕುತ್ತದೆ. ಎಸೆದರೆ ಮೀನು, ಎಸೆದರೆ ಮೀನು. ಎದೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಅಂಗೈಯಗಲದವನ್ನು ಆರಿಸಿ, ಸಣ್ಣವನ್ನು ದೊಡ್ಡ ಮನಸ್ಸಿನಿಂದ ವಾಪಸು ಬಿಟ್ಟೆ. ಮನೆಯಲ್ಲಿ ರವಾ ಫ್ರೈ. ರಾಜ್ಯದ ಸಾಮಾನ್ಯ ಮಿತಿ ದಿನಕ್ಕೆ 25. ಅದನ್ನು ನಾನು ಎಂದೂ ಮೀರಲಿಲ್ಲ ಎಂಬ ಹೆಮ್ಮೆ ಬೇರೆ.

ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಸಿಕ್ಕಿದ್ದೆಲ್ಲ ಬೆರಳುದ್ದದವು. ನಾನು ಜೇಡದ ಬಣ್ಣ ಬದಲಿಸಿದೆ, ಜಿಗ್ ಬದಲಿಸಿದೆ. ರೈತರು ಬೈಯಲಿಲ್ಲ, ಗೂಡುಗಳ ಹತ್ತಿರ ಕರೆದೊಯ್ದು ತೋರಿಸಿದರು. ಕಾವಲಿಲ್ಲದ ಗುಂಡಿಯಲ್ಲಿ ಮರಿಮೀನುಗಳು ಮೊಟ್ಟೆ ಹೆಕ್ಕುತ್ತಿದ್ದವು. ದೊಡ್ಡ ಗಂಡುಗಳು ಇದ್ದಷ್ಟು ದಿನ ಎಳೆಯವು ಗೂಡಿಗೆ ಪೈಪೋಟಿ ಮಾಡಲಾರದೆ ಬೆಳೆಯುತ್ತಿರುತ್ತವೆ. ದೊಡ್ಡವು ಹೋದರೆ ಎಳೆಯವು ಚಿಕ್ಕವಿರುವಾಗಲೇ ಗೂಡು ಕಟ್ಟಲು ಇಳಿಯುತ್ತವೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಈಗ ಗೂಡಿನ ಕಾಲದಲ್ಲಿ ದಡಕ್ಕೆ ಗಾಳ ಹಾಕುವುದಿಲ್ಲ. ಜುಲೈ ಬಿಸಿಲಿಗೆ ದೊಡ್ಡವು ಕಳೆಗಿಡಗಳಾಚೆ ಆಳಕ್ಕೆ ಇಳಿದಾಗ ಜಾರುಬೆಂಡಿನಡಿ ಜಿಗ್ ಬಿಡುತ್ತೇನೆ. ಅಂಗೈ ಮೀರಿದ್ದು ಬಂದರೆ ಅದು ನೀರಿಗೇ. ಆ ಹೊಂಡ ಸುಧಾರಿಸಬೇಕಾದರೆ ಸಣ್ಣ ಬ್ಲೂಗಿಲ್‌ಗಳನ್ನು ತಿನ್ನುವ ಬಾಸ್ ಮೀನುಗಳನ್ನು ಮುಟ್ಟದೆ, ಬೆರಳುದ್ದದ ಬ್ಲೂಗಿಲ್‌ಗಳನ್ನೇ ಹಿಡಿದು ಕಡಿಮೆ ಮಾಡಬೇಕಂತೆ. ಆ ಕೆಲಸ ನನ್ನ ಪಾಲಿಗೆ ಬಂದಿದೆ. ಇನ್ನೂ ಸಣ್ಣದಾದ 10ನೇ ನಂಬರಿನ ಗಾಳ, ಬಕೆಟ್ ತುಂಬ ಮೀನು. ಉಜ್ಜಿ ತೊಳೆದು ಹುರಿದರೆ ಬಾಯಿಗೆ ಸಿಗುವುದು ಮುಳ್ಳೇ.