ಗೋಡೆಗೆ ಅಂಕ

ನಿವೃತ್ತನಾದ ಮಾಸ್ತರನ ಕೈಯಿಂದ ಬೆತ್ತ ಜಾರಬಹುದು, ಅಂಕ ಹಾಕುವ ಚಟ ಜಾರುವುದಿಲ್ಲ. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವೃತ್ತಿ ಶಿಕ್ಷಣದ ಮಾಸ್ತರನಾಗಿದ್ದವನು. ಹುಡುಗರಿಗೆ ಉಳಿ ಹಿಡಿಯುವುದನ್ನೂ ಕೀಸುಳಿ ಹೊಡೆಯುವುದನ್ನೂ ಕಲಿಸಿದೆ. ಈಗ ಮನೆಯಲ್ಲಿ ಕುಳಿತು ಹೆಂಡತಿಯ ಸಾರಿಗೆ, ಪಕ್ಕದ ಮನೆಯವರ ರಂಗೋಲಿಗೆ, ಬಸ್ಸಿನ ಚಾಲಕನಿಗೆ ಮನಸ್ಸಿನಲ್ಲೇ ಅಂಕ ಹಾಕುತ್ತಿರುತ್ತೇನೆ. 2024ರ ಜನವರಿಯಲ್ಲಿ ಈ ಚಟಕ್ಕೆ ಒಂದು ಒಳ್ಳೆಯ ಕೆಲಸ ಸಿಕ್ಕಿತು. ನಾನು ಗೋಡೆಗಳ ಪರೀಕ್ಷೆ ಮಾಡಿದೆ.

ನಮ್ಮೂರು ಐರಣಿ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ಎಡದಂಡೆಯ ಊರು. ಹಾಳು ಬಿದ್ದ ಕೋಟೆಯೊಂದಿದೆ, ಹೆಸರಾದ ಹೊಳೆಮಠವಿದೆ. ನಮ್ಮ ಮನೆಗೆ ಪಡುವಣ ದಿಕ್ಕಿಗೆ ಅಂಟಿಕೊಂಡಂತೆ ಒಂದು ಚಕ್ಕಡಿ ನಿಲ್ಲಿಸುವ ಜಾಗವಿತ್ತು. ಅಪ್ಪ ಕಟ್ಟಿಸಿದ್ದು. ಅಲ್ಲಿ ಚಕ್ಕಡಿ ನಿಲ್ಲುತ್ತಿತ್ತು, ಎತ್ತುಗಳು ಮೆಲುಕು ಹಾಕುತ್ತಿದ್ದವು. ಎತ್ತು ಮಾರಿದ ಮೇಲೆ ಅದೇ ಜಾಗದಲ್ಲಿ ಮಗ ಕೊಂಡ ಹಳೆಯ ಮಾರುತಿ ಕಾರು ಬಂದು ನಿಂತಿತು. ಓಣಿಯವರು ಅದನ್ನು ಗ್ಯಾರೇಜು ಎಂದು ಕರೆಯತೊಡಗಿದರು. ಮಗ ಬೆಂಗಳೂರು ಸೇರಿ ಕಾರೂ ಹೋದ ಮೇಲೆ ಉಳಿದದ್ದು ಹೆಸರು ಮಾತ್ರ. ಅಲ್ಲಿ ಒಂದು ಕಟ್ಟಿಗೆ ಕೆಲಸದ ಮೇಜು ಹಾಕಿ, ನನ್ನ ಹತಾರುಗಳನ್ನು ಸಾಲಾಗಿ ತೂಗುಹಾಕಿ, ಉಳಿದ ಆಯುಷ್ಯವನ್ನು ಮಣೆ, ಸ್ಟೂಲು, ತೊಟ್ಟಿಲು ಮಾಡುತ್ತ ಕಳೆಯಬೇಕೆಂಬುದು ನನ್ನ ಆಸೆ. ನೆಲ ಇತ್ತು, ಮಾಡು ಇತ್ತು. ತೊಂದರೆ ಇದ್ದದ್ದು ಗೋಡೆಯದು.

ಗೋಡೆಯ ಕತೆ ಹೇಳಬೇಕಾದರೆ ನನ್ನ ತಪ್ಪನ್ನೇ ಹೇಳಬೇಕು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ನಾವೆಲ್ಲ ಇನ್ನು ಮುಂದೆ ಹಳ್ಳಿಯವರಲ್ಲ ಎಂಬ ಹುಮ್ಮಸ್ಸು. ನನ್ನ ಸಂಬಳವೂ ಸ್ವಲ್ಪ ಏರಿತ್ತು. ಮರುವರ್ಷವೇ ಅಪ್ಪ ಕಟ್ಟಿಸಿದ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆಗಳಿಗೆ ಸಿಮೆಂಟು ಬಳಿಸಿದೆ. ಓಣಿಯಲ್ಲಿ ಅಂಥ ನುಣುಪು ಗೋಡೆ ನಮ್ಮದೇ ಮೊದಲು. ಬಂದವರು ಕೈಯಾಡಿಸಿ ನೋಡಿ, 'ಮಾಸ್ತರ ಮನಿ ಈಗ ಮನಿ ಆತು' ಎಂದರು. ನಾನು ಹಿಗ್ಗಿದೆ.

ಅವ್ವ ಮಾತ್ರ ಹಿಗ್ಗಲಿಲ್ಲ. ಅವಳು ಗಾಳಿಗೆಂದು ಚಕ್ಕಡಿಯ ಜಾಗದಲ್ಲೇ, ಪಡುವಣ ಗೋಡೆಗೆ ತಾಗಿಸಿ ಹೊರಸು ಹಾಕಿಕೊಂಡು ಮಲಗುತ್ತಿದ್ದಳು. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ, 'ಗ್ವಾಡಿ ಬೆವರಾಕತ್ತೈತಿ ನೋಡಪ' ಎಂದಳು. ನೋಡಿದರೆ ನೆಲದಿಂದ ಎರಡು ಅಡಿಯ ತನಕ ಬಣ್ಣ ಉಬ್ಬಿತ್ತು, ಬಿಳಿಯ ಉಪ್ಪು ಒಡೆದಿತ್ತು. ನಾನು ಕೆರೆದು ಹೊಸ ಬಣ್ಣ ಹಚ್ಚಿಸಿದೆ. ಮತ್ತೆ ಬೆವರಿತು. ಎಣ್ಣೆಬಣ್ಣ ಹಚ್ಚಿಸಿದೆ. ಆಮೇಲೆ ಬೆವರು ಕಾಣುವುದು ನಿಂತಿತು. ನಾನು ಗೆದ್ದೆನೆಂದುಕೊಂಡೆ.

2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿದೆ. ತುಂಗಭದ್ರೆ ಉಕ್ಕಿತ್ತು, ವರದೆ ಉಕ್ಕಿತ್ತು. ಹೊಳೆ ನಮ್ಮ ಓಣಿಯತನಕ ಬರಲಿಲ್ಲ. ಆದರೆ ಹಗಲೂ ರಾತ್ರಿ ಹಿಡಿದ ಜಡಿಮಳೆಯೇ ಸಾಕಾಯಿತು. ನಾಗರ ಪಂಚಮಿಯ ಹೊತ್ತು. ಎಂಬತ್ತು ದಾಟಿದ ಅವ್ವ ಪಂಚಮಿಗೆ ತವರಿಗೆ ಹೋಗುವೆನೆಂದು ಚಿಕ್ಕ ಹುಡುಗಿಯ ಹಾಗೆ ಹಟ ಹಿಡಿದಿದ್ದಳು. ಬ್ಯಾಡಗಿಯಿಂದ ಅವಳ ಅಣ್ಣನ ಮಗ ಬಂದು ಕರೆದುಕೊಂಡು ಹೋಗಿದ್ದ. ಅವಳು ಹೋದ ಮೂರನೆಯ ರಾತ್ರಿ ಪಡುವಣ ಗೋಡೆ ಬಿತ್ತು. ಸದ್ದು ದೊಡ್ಡದೇನೂ ಆಗಲಿಲ್ಲ. ಜೋಳದ ಚೀಲ ಉರುಳಿದಂತೆ ಆಯಿತು. ದೀಪ ಹಿಡಿದು ಹೋದೆ. ಖಾಲಿ ಹೊರಸಿನ ಮೇಲೆ ಎದೆಮಟ್ಟ ಮಣ್ಣು ಕೂತಿತ್ತು. ಹೊರಸಿನ ನಾಲ್ಕು ಕಾಲೂ ಮುರಿದಿದ್ದವು.

ಪಂಚಮಿಯ ಉಂಡಿ ತಿನ್ನುವ ಆಸೆ ನನ್ನ ಅವ್ವನನ್ನು ಉಳಿಸಿತು. ಅವಳು ಮರಳಿ ಬಂದು, ಬಿದ್ದ ಗೋಡೆಯನ್ನು ಬಹಳ ಹೊತ್ತು ನೋಡಿದಳು. 'ಮಳಿ ಬಾಳ ಆತು, ಅವ್ವ' ಎಂದೆ. 'ಮಳಿ ನಿಮ್ಮಪ್ಪನ ಕಾಲದಾಗೂ ಇತ್ತಲ್ಲೋ' ಎಂದಷ್ಟೇ ಅಂದಳು. ಅವಳು 2022ರಲ್ಲಿ ತೀರಿಕೊಂಡಳು. ಆ ಮಾತು ಉಳಿದಿದೆ.

ಆಮೇಲೆ ಓದಿ, ಕೇಳಿ, ನೋಡಿ ತಿಳಿದುಕೊಂಡೆ. ಮಣ್ಣಿನ ಗೋಡೆ ನೆಲದ ತೇವವನ್ನು ದೀಪದ ಬತ್ತಿ ಎಣ್ಣೆ ಹೀರಿದಂತೆ ಮೇಲಕ್ಕೆ ಹೀರುತ್ತದೆ. ಹೀರಿದ್ದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಇದು ನಡೆಯುತ್ತಿರುವ ತನಕ ಅದು ಗಟ್ಟಿ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ; ಅದರೊಂದಿಗೆ ತಳಪಾಯವೂ ಅಲುಗುತ್ತದೆ, ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಸೀಳು ಬೀಳುತ್ತದೆ. ಆ ಸೀಳಿನಿಂದ ಒಳಗೆ ಹೋದ ಮಳೆನೀರು ಹೊರಗೆ ಬರುವುದಿಲ್ಲ. ಗೋಡೆಯ ಬುಡ ಒಳಗಿಂದೊಳಗೇ ಕೆಸರಾಗುತ್ತದೆ, ಹೊರಗೆ ಬಣ್ಣ ನಗುತ್ತಿರುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದ ಕುರುಬನಿಗೂ ಪ್ಲಾಸ್ಟಿಕ್ ಕೋಟು ತೊಟ್ಟವನಿಗೂ ಇರುವ ಭೇದ ಇದು. ನಾನು ಅಪ್ಪನ ಗೋಡೆಗೆ ಪ್ಲಾಸ್ಟಿಕ್ ಕೋಟು ತೊಡಿಸಿದ್ದೆ. ಅವ್ವ ಅದು ಬೆವರುತ್ತಿದೆ ಎಂದಾಗ ಗುಂಡಿಗಳನ್ನೂ ಹಾಕಿದ್ದೆ.

ಬಿದ್ದ ಕಡೆ ತಗಡು ಬಡಿದು ನಾಲ್ಕೂವರೆ ವರ್ಷ ದೂಡಿದೆ. ಬೇಸಗೆಯಲ್ಲಿ ತಗಡಿನ ಹತ್ತಿರ ನಿಲ್ಲಲಾಗದು. ಮಳೆ ಬಂದರೆ ಮಾತು ಕೇಳಿಸದು. ಇನ್ನು ಕೆಲಸ ಶುರುಮಾಡೋಣ ಎಂದು ಹೊರಟಾಗ ಸಲಹೆಗಳ ಸುರಿಮಳೆಯಾಯಿತು. ಮಗ ಫೋನಿನಲ್ಲಿ, 'ಅಪ್ಪಾ, ಜಿಪ್ಸಮ್ ಬೋರ್ಡು ಹಾಕಿಸ್ರಿ, ಎರಡು ದಿನದ ಕೆಲಸ' ಎಂದ. ಷಡ್ಡಕನು ಗೋಡೆ ತುಂಬ ಪ್ಲೈವುಡ್ ಹೊಡೆಸು ಎಂದ. ದಾವಣಗೆರೆಯ ಅಂಗಡಿಯವರು ಪಿವಿಸಿ ಹಲಗೆ ತೋರಿಸಿದರು. ತೊಳೆದರೆ ಸಾಕು, ಬಣ್ಣವೇ ಬೇಡವಂತೆ. ಇನ್ನೊಬ್ಬರು ತಮ್ಮ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಆಸ್ಬೆಸ್ಟಸ್ ಶೀಟುಗಳನ್ನು ಪುಕ್ಕಟೆ ಕೊಡಲು ಬಂದರು. ಗೌಂಡಿಯದು ಒಂದೇ ಮಾತು: 'ಮಾಸ್ತರ, ಒಂದ್ ಕೋಟು ಸಿಮೆಂಟು, ಎರಡ್ ಕೋಟು ಪುಟ್ಟಿ, ಮ್ಯಾಲೆ ಬಣ್ಣ. ನಾಕ್ ದಿನದಾಗ ಮುಗಿಸಿ ಕೊಡ್ತೇನಿ.' ಆ ಮಾತನ್ನು 1998ರಲ್ಲಿ ಅವನ ಅಪ್ಪನ ಬಾಯಿಂದ ಕೇಳಿದ್ದೆ.

ಒಂದು ಸಲ ಮೋಸ ಹೋದವನು ನಾನು. ಈ ಸಲ ಕಣ್ಣಿನ ಮಾತು ಕೇಳಬಾರದೆಂದು ಎಲ್ಲದರ ತುಂಡು ತರಿಸಿ ಅಂಗಳದಲ್ಲಿ ಸಾಲಾಗಿ ಇಟ್ಟೆ. ನೀರು, ಬೆಂಕಿ, ಮೊಳೆ, ರಿಪೇರಿ ಎಂದು ನಾಲ್ಕು ವಿಷಯ. ಒಂದೊಂದಕ್ಕೆ ಇಪ್ಪತ್ತೈದು ಅಂಕ. ಆಸ್ಬೆಸ್ಟಸ್ಸನ್ನು ಪರೀಕ್ಷೆಗೇ ಕೂಡಿಸಲಿಲ್ಲ. ಅದನ್ನು ಕೊರೆದರೆ, ಕೊಯ್ದರೆ ಏಳುವ ಧೂಳಿನ ಎಳೆಗಳು ಪುಪ್ಪುಸದಲ್ಲಿ ಕೂತು ಕ್ಯಾನ್ಸರ್ ತರುತ್ತವೆ. ದಿನಕ್ಕೆ ಹತ್ತು ತೂತು ಕೊರೆಯುವ ಕೋಣೆಗೆ ಅದು ಬರಕೂಡದು.

ಮೊದಲು ನೀರು. ಒಂದು ರಾತ್ರಿ ಎಲ್ಲವನ್ನೂ ಬಕೆಟಿನಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ಜಿಪ್ಸಮ್ಮಿನ ಅಂಚು ನೆನೆದ ರೊಟ್ಟಿಯಾಗಿತ್ತು. ಅಗ್ಗದ ಪ್ಲೈವುಡ್ ಪದರು ಬಿಟ್ಟಿತ್ತು. ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈವುಡ್ ಹಾಗೇ ಇತ್ತು. ಪಿವಿಸಿ ಹಲಗೆಗೆ ಏನೂ ಆಗಿರಲಿಲ್ಲ, ಇಪ್ಪತ್ತೈದಕ್ಕೆ ಇಪ್ಪತ್ತೈದು.

ಆಮೇಲೆ ಬೆಂಕಿ. ಇಲ್ಲಿ ಜಿಪ್ಸಮ್ ಗೆದ್ದಿತು. ಅದರ ತೂಕದಲ್ಲಿ ಐದರಲ್ಲೊಂದು ಪಾಲು ನೀರೇ ಬೆಸೆದುಕೊಂಡಿರುತ್ತದೆ. ಬೆಂಕಿ ಮೊದಲು ಆ ನೀರನ್ನು ಆವಿಯಾಗಿಸಬೇಕು. ಕಾಗದ ಕರ್ರಗಾಯಿತು, ಬೋರ್ಡು ಉಳಿಯಿತು. ಸಿಮೆಂಟು ಬೋರ್ಡೂ ಜಗ್ಗಲಿಲ್ಲ. ಪ್ಲೈವುಡ್ ಕಟ್ಟಿಗೆಯಲ್ಲವೇ, ಉರಿಯಿತು. ನೀರಿನಲ್ಲಿ ಪೂರ್ತಿ ಅಂಕ ಪಡೆದ ಪಿವಿಸಿ ಮೆತ್ತಗಾಗಿ ಬಾಗಿ ಎಂಥ ಹೊಗೆ ಬಿಟ್ಟಿತೆಂದರೆ ನಾನೂ ಹೆಂಡತಿಯೂ ಕಣ್ಣೊರೆಸಿಕೊಳ್ಳುತ್ತ ಓಣಿಗೆ ಓಡಿದೆವು. ಕಟ್ಟಿಗೆ ಹೊಟ್ಟು ತುಂಬಿದ, ಗ್ರೈಂಡರಿನ ಕಿಡಿ ಹಾರುವ ಕೋಣೆಯಲ್ಲಿ ಅಂಥ ಗೋಡೆಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮೊಳೆಯ ಪರೀಕ್ಷೆಯಲ್ಲಿ ಪ್ಲೈವುಡ್ಡಿಗೇ ಮೊದಲ ಸ್ಥಾನ. ಎಲ್ಲಿ ಬೇಕಾದಲ್ಲಿ ಸ್ಕ್ರೂ ತಿರುಗಿಸಿ, ಹಿಡಿಯುತ್ತದೆ. ಜಿಪ್ಸಮ್ಮಿಗೆ ತೂಗುಹಾಕಿದ ಸುತ್ತಿಗೆ ಒಂದು ಗಂಟೆಯಲ್ಲಿ ಮೊಳೆಸಮೇತ ಕೆಳಗೆ ಬಂತು. ರಿಪೇರಿಯಲ್ಲಿ ಎಲ್ಲವೂ ಹಿಂದೆ. ಒಂದು ಹಲಗೆ ಕೆಟ್ಟರೆ ಪೇಟೆಗೆ ಹೋಗಬೇಕು, ಇಡೀ ಹಲಗೆ ತರಬೇಕು. ಅಷ್ಟಲ್ಲದೆ ಇವೆಲ್ಲವೂ ಗೋಡೆಗೆ ಹೊದಿಕೆಗಳು. ಹಿಂದೆ ತೇವವಿದೆಯೋ, ಗೆದ್ದಲು ಹತ್ತಿದೆಯೋ ಕಾಣಿಸುವುದಿಲ್ಲ. ನನಗೆ ಬೇಕಾದದ್ದು ಅಂದವಾದ ಗೋಡೆಯಲ್ಲ, ಬೇನೆ ಬಂದರೆ ಹೇಳುವ ಗೋಡೆ ಎಂದು ಆಗ ತಿಳಿಯಿತು. ಅಂಕಪಟ್ಟಿಯಲ್ಲಿ ಐದನೆಯ ವಿಷಯ ಸೇರಿಸಿದೆ: ಸತ್ಯ. ಅದರಲ್ಲಿ ಮುಕ್ಕಾಲು ಪಾಲು ಅಭ್ಯರ್ಥಿಗಳು ನಪಾಸಾದರು.

ಬಡಗಣ ದಿಕ್ಕಿನ ಹಳೆಯ ಮಣ್ಣಿನ ಗೋಡೆ ಇನ್ನೂ ನಿಂತಿತ್ತು. ಮೊದಲು ಅದರ ಸಿಮೆಂಟನ್ನು ಬಿಡಿಸಿದೆ. ಗೌಂಡಿ ನಗುತ್ತಿದ್ದ, ರೊಕ್ಕ ಕೊಟ್ಟು ಬಳಿಸಿದ್ದನ್ನು ರೊಕ್ಕ ಕೊಟ್ಟು ಕೆತ್ತಿಸುವ ಮಾಸ್ತರನನ್ನು ಅವನು ಕಂಡಿರಲಿಲ್ಲ. ಬುಡದಲ್ಲಿ ಮಣ್ಣು ಹಸಿಯಾಗಿತ್ತು, ಬೆರಳು ಒತ್ತಿದರೆ ಇಳಿಯುತ್ತಿತ್ತು. ಅವನ ನಗು ನಿಂತಿತು. ಮೇಲಕ್ಕೆ ಹೋದಂತೆ ಮಣ್ಣು ಗಟ್ಟಿಯಿತ್ತು. ಅಲ್ಲಿ ಒಂದು ಕಡೆ, ಎದೆಯೆತ್ತರದಲ್ಲಿ, ಹಳೆಯ ಗಿಲಾವಿನ ಮೇಲೆ ಅರ್ಧಚಂದ್ರದಂಥ ಗೆರೆಗಳು ಕಂಡವು. ಅಂಗೈಯಿಂದ ಬಳಿದಾಗ ಬೆರಳುಗಳು ಬಿಟ್ಟ ಗುರುತು. ನಮ್ಮ ಮನೆಯಲ್ಲಿ ಗೋಡೆ ಬಳಿಯುತ್ತಿದ್ದವಳು ಅವ್ವ ಒಬ್ಬಳೇ. ಕೆತ್ತುವುದನ್ನು ಅಲ್ಲಿಗೆ ನಿಲ್ಲಿಸಲು ಹೇಳಿ ನಾನು ಹೊರಗೆ ಹೋಗಿ ಕುಳಿತೆ.

ಯುಗಾದಿಯ ತನಕ ಆ ಗೋಡೆಯನ್ನು ಒಣಗಲು ಬಿಟ್ಟೆವು. ಬುಡದ ಮೆತ್ತನೆಯ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಕಲ್ಲು ತುಂಬಿದೆವು. ಆಮೇಲೆ ಮಣ್ಣು, ಹೊಟ್ಟು, ಸೆಗಣಿ ಕೂಡಿಸಿ ಕೊಳೆಯಿಟ್ಟ ಗಿಲಾವು. ಅದನ್ನು ಬಳಿಯುವುದು ಗೌಂಡಿಗೆ ಬರಲಿಲ್ಲ. ಓಣಿಯ ಹಿರಿಯ ಅಜ್ಜಿಯೊಬ್ಬರು ಬಂದು, 'ಕರಣಿ ಅತ್ತಾಗ ಇಡೋ ತಮ್ಮಾ, ಕೈಲೆ ಬಳಿ' ಎಂದು ಅವನಿಗೆ ಪಾಠ ಮಾಡಿದರು. ಮೇಲೆ ಸುಣ್ಣ. ಸುಣ್ಣ ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಆದರೂ ತೇವಕ್ಕೆ ದಾರಿ ಬಿಡುತ್ತದೆ.

ಬಿದ್ದ ಪಡುವಣ ಗೋಡೆಯನ್ನು ಹೊಸದಾಗಿಯೇ ಕಟ್ಟಬೇಕಿತ್ತು. ಎರೆಯನ್ನು ತೋಡಿ ಗರಸು ಸಿಕ್ಕ ಮೇಲೆ ತಳಪಾಯ ಹಾಕಿಸಿದೆ. ನೆಲದಿಂದ ಮೂರಡಿ ಕಲ್ಲು, ಅದರ ಮೇಲೆ ತೇವ ತಡೆಯುವ ಪದರು. ಅಲ್ಲಿಂದ ಮೇಲಕ್ಕೆ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು, ಪ್ರೊಫೆಸರ್ ಕೆ.ಎಸ್. ಜಗದೀಶ್ ಮೊದಲಾದವರು, ಬಹಳ ವರ್ಷ ದುಡಿದು ಹದಗೊಳಿಸಿದ ವಿಧಾನವಿದು. ಎರೆಮಣ್ಣು ಇದಕ್ಕೆ ಬಾರದು. ಮರಳು ಹೆಚ್ಚಿರುವ ಕೆಂಪುಮಣ್ಣು ಬೇಕು. ನಾನು ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿಟ್ಟು ನೋಡಿದೆ. ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ ಮೇಲೆ ಕೂಡುತ್ತದೆ. ಯಾವುದು ಎಷ್ಟಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನೂರಕ್ಕೆ ಏಳು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದೆವು. ಸುಡುವ ಮಾತೇ ಇಲ್ಲ. ಸಿಮೆಂಟಿನ ಮೇಲೆ ನನಗೆ ಸಿಟ್ಟಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಮಣ್ಣಿನೊಳಗೆ ಬೆರೆತರೆ ಅದು ನೆಂಟ. ಮಣ್ಣಿನ ಮೇಲೆ ಮುಚ್ಚಿಕೊಂಡರೆ ವೈರಿ.

ನಪಾಸಾದವರನ್ನೂ ಪೂರ್ತಿ ಕೈಬಿಡಲಿಲ್ಲ, ಮಾಸ್ತರನ ಮನಸ್ಸು. ಮೇಜಿನ ಹಿಂದೆ ಎಂಟಡಿಗೆ ನಾಲ್ಕಡಿಯ ಒಂದೇ ಒಂದು ಪ್ಲೈವುಡ್ ಹಲಗೆ, ಕಟ್ಟಿಗೆ ಪಟ್ಟಿಗಳ ಮೇಲೆ, ಗೋಡೆಯಿಂದ ಒಂದಂಗುಲ ದೂರ. ಹಿಂದೆ ಗಾಳಿ ಆಡುತ್ತದೆ, ಬೇಕೆಂದಾಗ ಎಂಟು ಸ್ಕ್ರೂ ಬಿಚ್ಚಿ ಇಣುಕಬಹುದು. ಹತಾರುಗಳೆಲ್ಲ ಅದರ ಮೇಲೆ. ಗ್ರೈಂಡರಿನ ಮೂಲೆಗೆ ಸಿಮೆಂಟು ಬೋರ್ಡು. ಹೊಸ ಗೋಡೆಯಲ್ಲಿ, ಅಪ್ಪ ಚಕ್ಕಡಿಯ ದೀಪ ಇಡುತ್ತಿದ್ದಂಥದೇ ಒಂದು ಮಾಡ ಬಿಡಿಸಿದೆ. ಅದರಲ್ಲಿ ಈಗ ಮೊಳೆಯ ಡಬ್ಬಿಗಳಿವೆ. ಬಡಗಣ ಗೋಡೆಯಲ್ಲಿ ಆ ಅರ್ಧಚಂದ್ರಗಳಿದ್ದ ಎರಡು ಚದರಡಿ ಜಾಗಕ್ಕೆ ಏನನ್ನೂ ಬಳಿಸಿಲ್ಲ.

ದೀಪಾವಳಿಗೆ ಬಂದ ಮಗ ಒಳಗೆ ಕಾಲಿಟ್ಟು ಸುತ್ತ ನೋಡಿ, 'ಜಿಪ್ಸಮ್ ಆಗಿದ್ದರ ಇನ್ನೂ ನೀಟ್ ಕಾಣ್ತಿತ್ತು, ಅಪ್ಪಾ' ಎಂದ. 'ಹೌದು, ಕಾಣ್ತಿತ್ತು' ಎಂದೆ. ಅವನು ಮಧ್ಯಾಹ್ನ ಅಲ್ಲೇ ಚಾಪೆ ಹಾಸಿ ಎರಡು ತಾಸು ನಿದ್ದೆ ಹೊಡೆದ. ಗೋಡೆಗೆ ತಾಗಿ.

ಈಗಲೂ ಜಡಿಮಳೆ ಹಿಡಿದ ದಿನ ರಾತ್ರಿ ಎದ್ದು ಹೋಗಿ ಬುಡದಲ್ಲಿ ಅಂಗೈ ಇಟ್ಟು ನೋಡುತ್ತೇನೆ. ತೇವವಾಗುತ್ತದೆ, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಒಣಗುತ್ತದೆ. ಎಲ್ಲ ವಸ್ತುಗಳಿಗೂ ಅಂಕ ಬರೆದ ಆ ಹಾಳೆ ಮೊಳೆಯ ಡಬ್ಬಿಯ ಕೆಳಗಿದೆ. ಮಣ್ಣಿನ ಗೋಡೆಯ ಮುಂದಿನ ಮನೆ ಮಾತ್ರ ಖಾಲಿ. ಅವಸರ ಮಾಡಿ ಅಂಕ ಹಾಕಿ ಒಮ್ಮೆ ಕೆಟ್ಟಿದ್ದೇನೆ. ಇನ್ನಷ್ಟು ಮಳೆಗಾಲ ಕಳೆಯಲಿ.