ಮರಳಿ ಬಂದ ಇರುಳು

ಪುತ್ತೂರು, ಸುಳ್ಯ, ಕಡಬ ಸೀಮೆಯ ಕೃಷಿಕರಿಗೆ ಮಳೆಗಾಲವೆಂದರೆ ಅಡಕೆಗೆ ಮದ್ದು ಬಿಡುವ ಕಾಲ. ಕೊಳೆರೋಗದಿಂದ ಫಸಲನ್ನು ಉಳಿಸಿಕೊಳ್ಳಲು ಬೋರ್ಡೋ ದ್ರಾವಣವನ್ನು ಸಿಂಪಡಿಸಲೇಬೇಕು. ನೆಲದ ಮೇಲೆ ನಿಂತೇ ಸಿಂಪಡಿಸುವ ದೋಟಿಗಳು ಈಗ ಬಂದಿವೆಯಾದರೂ ಜಾರುವ ಮರವನ್ನೇರುವ ರೂಢಿ ಪೂರ್ತಿಯಾಗಿ ತಪ್ಪಿಲ್ಲ. ಹಾಗೆ ಏರಿದ್ದ ನನ್ನ ಭಾವನವರು ಕೆಲವು ವರ್ಷಗಳ ಹಿಂದೆ ಕೆಳಗೆ ಬಿದ್ದರು. ತಲೆಗೆ ತೀವ್ರವಾದ ಪೆಟ್ಟಾಯಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಅವರು ಹಲವು ದಿನ ಕಣ್ಣು ತೆರೆಯಲಿಲ್ಲ. ಅದನ್ನು ನಾವು ಗಾಢನಿದ್ರೆಯೆಂದೇ ಬಗೆದಿದ್ದೆವು. ಆದರೆ ನಿದ್ರಿಸುವವನನ್ನು ಕರೆದು ಎಬ್ಬಿಸಬಹುದು, ಕೋಮಾದಲ್ಲಿರುವವನನ್ನು ಎಬ್ಬಿಸಲಾಗದು.

ಪ್ರಜ್ಞೆ ಮರಳಿ, ಮನೆಗೆ ಕರೆತಂದ ಮೇಲೆ ಹೊಸದೊಂದು ಕಷ್ಟ ಆರಂಭವಾಯಿತು. ಹಗಲೆಲ್ಲ ತೂಕಡಿಕೆ, ಇರುಳೆಲ್ಲ ಎಚ್ಚರ. ಅವರು ಎದ್ದು ಅಂಗಳಕ್ಕಿಳಿದಾರೆಂಬ ಭಯದಿಂದ ಅಕ್ಕ ಚಾವಡಿಯ ಬಾಗಿಲಿಗೊರಗಿ ರಾತ್ರಿ ಕಳೆಯುತ್ತಿದ್ದಳು. ಅವಳ ಬಾಡಿದ ಮುಖವನ್ನು ಕಂಡು ಒಂದು ದಿನ ನಾನು ತಾಳ್ಮೆಗೆಟ್ಟು, “ಭಾವ, ಹಗಲೆಲ್ಲ ಹೀಗೆ ಮಲಗಿದರೆ ಹೇಗೆ? ನೀವೂ ಸ್ವಲ್ಪ ಮನಸ್ಸು ಗಟ್ಟಿ ಮಾಡಬೇಡವೇ?” ಎಂದುಬಿಟ್ಟೆ. ಅವರು ಉತ್ತರಿಸಲಿಲ್ಲ. ಕಣ್ಣಂಚು ಮಾತ್ರ ಒದ್ದೆಯಾಯಿತು.

ನಿದ್ರೆ ಎಚ್ಚರಗಳ ಲಯವನ್ನು ನಡೆಸುವುದೂ ಮೆದುಳೇ, ಗಾಯಗೊಂಡ ಮೆದುಳಿಗೆ ಹಗಲು ಇರುಳುಗಳ ಲೆಕ್ಕ ತಪ್ಪುವುದು ಸಹಜ, ಅದು ಆಲಸ್ಯವಲ್ಲ ಎಂದು ಆಮೇಲೆ ವೈದ್ಯರು ತಿಳಿಯಹೇಳಿದರು. ಕೆನಡಾ ದೇಶದ ಮಾಂಟ್ರಿಯಲ್‌ನ ಸಂಶೋಧಕರು ಇಂತಹ 30 ಮಂದಿ ರೋಗಿಗಳ ಕೈಗೆ ಚಲನವಲನವನ್ನು ಅಳೆಯುವ ಸಣ್ಣ ಉಪಕರಣವನ್ನು ಕಟ್ಟಿ ಪರೀಕ್ಷಿಸಿದ ವಿವರ 2017ರಲ್ಲಿ ಪ್ರಕಟವಾಗಿದೆ. ಪ್ರಜ್ಞೆ ತಿಳಿಯಾಗುವುದೂ ರಾತ್ರಿಯ ನಿದ್ರೆ ಕೂಡಿಬರುವುದೂ ಜೊತೆಜೊತೆಯಾಗಿಯೇ ಸಾಗುತ್ತವೆಂಬುದು ಅವರು ಕಂಡ ಸಂಗತಿ.

ಅಂದಿನಿಂದ ನಮ್ಮ ನಡೆ ಬದಲಾಯಿತು. ಬೆಳಗ್ಗೆ ಅವರನ್ನು ಜಗಲಿಯ ಬೆಳಕಿನಲ್ಲಿ ಕುಳ್ಳಿರಿಸಿದೆವು. ಮಧ್ಯಾಹ್ನ ಅಲ್ಪ ವಿಶ್ರಾಂತಿ, ಸಂಜೆಗೆ ನೆಂಟರ ಗದ್ದಲಕ್ಕೆ ತಡೆ, ರಾತ್ರಿ ಕತ್ತಲೆ ಮತ್ತು ಮೌನ. ವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆಯನ್ನು ಕೊಡಲಿಲ್ಲ. ತಿಂಗಳುಗಳು ಉರುಳಿದವು. ಒಂದಿರುಳು ಅವರು ಬೆಳಗಿನವರೆಗೂ ಮಲಗಿದರು, ಎದ್ದು, “ತೋಟಕ್ಕೆ ಮದ್ದು ಬಿಟ್ಟಾಯಿತೇ?” ಎಂದು ಕೇಳಿದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅವರಿಗೆ ಇಂದಿಗೂ ಬೇಗ ದಣಿವಾಗುತ್ತದೆ. ಮೊದಲಿನಂತೆ ಎಲ್ಲವೂ ಆಗಿಲ್ಲ. ಆದರೂ ಅಂದು ನಾನಾಡಿದ ಮಾತನ್ನು ನೆನೆದಾಗಲೆಲ್ಲ ನಾಚುತ್ತೇನೆ. ಪೆಟ್ಟಾದ ಕೈಯಿಂದ ಭಾರವನ್ನು ಎತ್ತಿಸದ ನಾವು, ಪೆಟ್ಟಾದ ಮೆದುಳಿನಿಂದ ಎಚ್ಚರವನ್ನು ಬೇಡುವುದು ನ್ಯಾಯವೇ? ಇಂತಹವರು ಮನೆಯಲ್ಲಿದ್ದರೆ, ಸಹೃದಯರೇ, ಅವರ ನಿದ್ರೆಯನ್ನು ಹಳಿಯದಿರಿ. ಅದು ಮರಳಿ ದಾರಿಗೆ ಬರುವ ತನಕ ಕಾಯಿರಿ. ಕಾಯುವವರ ನಿದ್ರೆಯನ್ನೂ ಸರದಿಯಂತೆ ಹಂಚಿಕೊಳ್ಳಿರಿ.