ರಬ್ಬರಿನ ಸೂರು

ಕಳೆದ ಆಷಾಢದ ಒಂದು ರಾತ್ರಿ ನಮ್ಮ ಪುಸ್ತಕದ ಬೀರುವಿನ ಮೇಲೆ ಏನೋ ತೊಟ್ಟಿಕ್ಕುವ ಸದ್ದಾಗಿ ಎಚ್ಚರಗೊಂಡೆವು. ದೀಪ ಹಾಕಿ ನೋಡಲಾಗಿ, ತಾರಸಿಯ ತಳದಲ್ಲಿ ಅಂಗೈಯಗಲದ ತೇವ. ಅದರ ನಡುವಿನಿಂದ ಜಪದ ಮಣಿ ಎಣಿಸುವವರ ನಿಧಾನದಲ್ಲಿ ಹನಿ ಬೀಳುತ್ತಿದ್ದಿತು.

ಹಿಂದೆ ಈ ಮನೆಗೆ ಹೊದೆಸಿದ್ದುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದ ತರುವಾಯ ಮಲೆನಾಡಿನ ಹುಲ್ಲುಮಾಡುಗಳು ಮೆಲ್ಲಮೆಲ್ಲನೆ ಕೆಂಪಾದುವಷ್ಟೆ. ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿದರೆ ಸಾಕಾಗುತ್ತಿತ್ತು. ಆದರೆ ಮಂಗಗಳ ಹಿಂಡು ವರ್ಷಕ್ಕೊಮ್ಮೆಯ ನಿಯಮವನ್ನು ಒಪ್ಪದಾಯಿತು. 1996ರಲ್ಲಿ ಬೇಸತ್ತು ಕಾಂಕ್ರೀಟು ತಾರಸಿ ಹಾಕಿಸಿದೆವು. "ಹೆಂಚು ಸೋರಿದರೆ ಎಲ್ಲಿ ಸೋರಿತೆಂದಾದರೂ ತಿಳಿಯುತ್ತದೆ, ಮಗು" ಎಂದು ನಮ್ಮ ತೀರ್ಥರೂಪರು ಅಂದೇ ಹೇಳಿದ್ದರು. ಅದರ ಅರ್ಥ ಈಗ ಆಯಿತು. ಕಾಂಕ್ರೀಟಿನಲ್ಲಿ ನೀರು ಒಂದೆಡೆ ಒಳಹೊಕ್ಕು, ಬಿರುಕನ್ನೇ ಹಾದಿಯಾಗಿ ಹಿಡಿದು, ತನಗೆ ಮನಸ್ಸು ಬಂದಲ್ಲಿ ಇಳಿಯುತ್ತದೆ.

ಊರಿಗೆ ಬಂದ ಮಗನು ಒಂದು ಉಪಾಯವನ್ನು ಸೂಚಿಸಿದನು: "ಅಪ್ಪಯ್ಯ, ಮೇಲೆ ರಬ್ಬರಿನ ಹಾಳೆ ಹಾಸಿಸಿಬಿಡೋಣ." ರಬ್ಬರೆಂದೊಡನೆ ನಮಗೆ ಸುಳ್ಯ-ಪುತ್ತೂರಿನ ತೋಟಗಳ ನೆನಪಾಯಿತು. ಆದರೆ ಇದು ಮರದ ಹಾಲಿನದಲ್ಲವಂತೆ. ಮರದ ರಬ್ಬರು ಬಿಸಿಲಿಗೂ ಗಾಳಿಯಲ್ಲಿನ ಓಝೋನಿಗೂ ಸೀಳುಬಿಡುತ್ತದೆ. ಚಾವಣಿಗೆ ಹಾಸುವುದು ಎಥಿಲೀನ್, ಪ್ರೊಪಿಲೀನ್ ಎಂಬ ಅನಿಲಗಳಿಂದ ಮಾಡಿದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು. ಅದಕ್ಕೆ ಸೇರಿಸಿದ ಇಂಗಾಲದ ಮಸಿಯೇ ಬಿಸಿಲಿನ ಏಟನ್ನು ತಡೆಯುತ್ತದೆ. ದಪ್ಪ 1.1 ಅಥವಾ 1.5 ಮಿಲಿಮೀಟರು. ಹಾಳೆ ಬಹಳ ಅಗಲವಾದುದರಿಂದ ಬೆಸುಗೆಗಳು ಕಡಿಮೆ. ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವ ಕಾಂಕ್ರೀಟಿನೊಡನೆ ತಾನೂ ಹಿಗ್ಗಿ ಕುಗ್ಗುವುದೇ ಇದರ ದೊಡ್ಡ ಗುಣ. ಗಾರೆಗೆ ಆ ಸೈರಣೆಯಿಲ್ಲ.

ನೆನೆದ ಪುಸ್ತಕಗಳನ್ನು ಒಲೆಯ ಪಕ್ಕದಲ್ಲಿ ಹರಡಿದ್ದಾಗ ವರಾಹಮಿಹಿರನ 'ಬೃಹತ್ಸಂಹಿತೆ' ವಜ್ರಲೇಪದ ಅಧ್ಯಾಯಕ್ಕೇ ತೆರೆದುಕೊಂಡಿದ್ದಿತು. ಎಳೆಯ ತಿಂದುಕದ ಕಾಯಿ, ಬೇಲದ ಕಾಯಿ, ಬೂರುಗದ ಹೂವು ಮೊದಲಾದುವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ಅಗಸೆ, ಬಿಲ್ವಾದಿಗಳನ್ನು ಬೆರಸಿ, ಪ್ರಾಸಾದಗಳಿಗೂ ಗೋಡೆಗಳಿಗೂ ಬಿಸಿಬಿಸಿಯಾಗಿ ಬಳಿಯಬೇಕು. ಕೋಟಿ ವರ್ಷ ಬಾಳುತ್ತದೆಂದು ಆಚಾರ್ಯನ ಭರವಸೆ. ರಬ್ಬರಿನ ವ್ಯಾಪಾರಿಯು ನಮಗೆ ಕೊಟ್ಟ ಖಾತರಿ ಹತ್ತೇ ವರ್ಷದ್ದು. ಅವನನ್ನು ಹೆಚ್ಚು ನಂಬಿದೆವೆಂದು ಲಜ್ಜೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ.

ನಿಷ್ಕರ್ಷೆಯಾಯಿತೆಂದು ಬಗೆದಿದ್ದೆವು. ಆಗ ನಮ್ಮ ಮನೆಯವರು ಕೇಳಿದರು: "ಸಂಡಿಗೆ ಎಲ್ಲಿ ಹಾಕುವುದು?"

ವ್ಯಾಪಾರಿಯಾಗಲಿ ಮಗನಾಗಲಿ ಎತ್ತದಿದ್ದ ಪ್ರಶ್ನೆಯಿದು. ಈ ಹಾಳೆ ಪ್ರಸಿದ್ಧಿಗೆ ಬಂದುದು ಅಮೆರಿಕ ಮೊದಲಾದ ದೇಶಗಳ ಕಟ್ಟಡಗಳಲ್ಲಿ. ಅಲ್ಲಿ ಸೂರಿನ ಮೇಲೆ ಹತ್ತುವವರು ಅಪರೂಪ. ನಮ್ಮಲ್ಲಿಯೋ, ತಾರಸಿಯು ಬಿಸಿಲಿನ ದಿನಗಳ ಅಂಗಳ. ಅಡಕೆ, ಹಪ್ಪಳ, ಕೊಡುಬಳೆಯ ಅಕ್ಕಿ, ಉಪ್ಪಿನಕಾಯಿಯ ಭರಣಿ ಎಲ್ಲವೂ ಅಲ್ಲಿಯೇ. ಎಣ್ಣೆ ಜಿಡ್ಡು ತಾಗಿದರೆ ಈ ರಬ್ಬರು ಉಬ್ಬಿ ಮೆದುವಾಗುತ್ತದೆ. ಕಬ್ಬಿಣದ ಮಂಚದ ಕಾಲು ಒತ್ತಿದರೆ ತೂತಾಗುತ್ತದೆ. ಕಪ್ಪಾದುದರಿಂದ ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುತ್ತದೆ. ಮೂವತ್ತು ವರ್ಷ ತಾವು ಆಳಿದ ಸ್ಥಳವನ್ನು ನಮ್ಮ ಪುಸ್ತಕಗಳಿಗಾಗಿ ಬಿಟ್ಟುಕೊಡಬೇಕೆಂದು ಅವರಿಗೆ ಹೇಳುವ ಧೈರ್ಯ ನಮಗಾಗಲಿಲ್ಲ. ಪುಸ್ತಕಗಳನ್ನು ನೆನೆಯಬಿಡುವ ಮನಸ್ಸೂ ಬರಲಿಲ್ಲ. ನಾಲ್ಕು ದಿನ ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಕೊನೆಗೆ ದಾರಿ ತೋರಿದವನು ಹಳೆಯ ಮೇಸ್ತ್ರಿ. ಮಳೆ ಬಿಟ್ಟ ಮೇಲೆ ತಾರಸಿಗೆ ಕೊಡಪಾನಗಳಲ್ಲಿ ನೀರು ಸುರಿದು, ಕುಳಿತು ನೋಡಿದನು. ಹಿಂಭಾಗದ ಕೊಳವೆಯ ಬಾಯಿಯಲ್ಲಿ ಹಲಸಿನ ಎಲೆ ತುಂಬಿ ನೀರು ನಿಂತಿತ್ತು. ಬಿರುಕಿದ್ದುದು ಪ್ಯಾರಾಪೆಟ್ ಗೋಡೆಯ ಬುಡದಲ್ಲಿ, ಬೀರುವಿನಿಂದ ಎಂಟು ಅಡಿ ಆಚೆ. "ಮೇಷ್ಟ್ರೇ, ಈಗಲೇ ಹಾಳೆ ಅಂಟಿಸಿದರೆ ಒಳಗಿನ ತೇವ ಆವಿಯಾಗಿ ಬೊಬ್ಬೆ ಏಳುತ್ತೆ. ಶಿವರಾತ್ರಿ ಕಳೆಯಲಿ" ಎಂದನು. ಪುಸ್ತಕದ ಕೋಣೆಯಿರುವ ಹಿಂದಿನ ಅರ್ಧಕ್ಕೆ ಮಾತ್ರ ರಬ್ಬರು, ಗೋಡೆಯ ಮೇಲೂ ಒಂದು ಗೇಣು ಹತ್ತಿಸಿ. ಮುಂದಿನ ಅರ್ಧಕ್ಕೆ ನೂರು ಅಡಿಗೆ ಒಂದಡಿಯ ಇಳಿಜಾರಿನಲ್ಲಿ ಹೊಸ ಗಾರೆ. ನಡುವೆ ಇಟ್ಟಿಗೆಯ ಒಂದು ಸಾಲು ಕಟ್ಟೆ. ಎರಡು ಕಡೆಗೂ ಬೇರೆಬೇರೆ ಕೊಳವೆ. ವೆಚ್ಚ ಸ್ವಲ್ಪ ಏರಿತು. ಹಾಗೆಯೇ ಆಗಲೆಂದೆವು.

ಕಟ್ಟೆ ಬರುವ ಜಾಗವನ್ನು ಮೇಸ್ತ್ರಿಯು ಸುಣ್ಣದ ಗೆರೆಯಿಂದ ಗುರುತಿಸಿ ಹೋಗಿದ್ದಾನೆ. ಮೊನ್ನೆ ಮೇಲೆ ಹತ್ತಿ ನೋಡಿದಾಗ ಆ ಗೆರೆ ಒರಸಿಹೋಗಿ, ನಮ್ಮ ಕಡೆಗೆ ಎರಡು ಗೇಣು ಸರಿದು, ರಂಗೋಲಿಯ ಹುಡಿಯಲ್ಲಿ ಹೊಸದೊಂದು ಗೆರೆ ಬಿದ್ದಿದ್ದಿತು. ಪುಸ್ತಕದ ಬೀರುವು ಅದರ ಕೆಳಗೆ ಬರುವುದಿಲ್ಲವೆಂದು ಮೊಳ ಹಾಕಿ ನೋಡಿಕೊಂಡು, ಏನನ್ನೂ ಹೇಳದೆ ಇಳಿದು ಬಂದೆವು.